ಸಕ್ಯುಲೆಂಟ್ ಗಿಡಗಳ ಕುಟುಂಬಗಳಿಗೆ ಹೋಮಿಯೋಪಥಿಯಲ್ಲಿ ಏನರ್ಥ?

ಸಕ್ಯುಲೆಂಟ್, ಅಂದರೆ ನೀರು ಕೂಡಿಡುವ ದಪ್ಪ ಗಿಡಗಳ ಒಂದೊಂದು ಕುಟುಂಬಕ್ಕೂ ಹೋಮಿಯೋಪಥಿಯಲ್ಲಿ ಏನರ್ಥ ಎಂದು ತೋರಿಸುವ ಚಾರ್ಟ್ ಕೇಳಿದ್ದೀರಿ. ಅಂಥದ್ದನ್ನೇ ನಾನು ಬಿಎಚ್‌ಎಂಎಸ್ (ಹೋಮಿಯೋಪಥಿ ಪದವಿ) ಎರಡನೇ ವರ್ಷದಲ್ಲಿ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದೆ. ಎಡಕ್ಕೆ ಕುಟುಂಬ, ಬಲಕ್ಕೆ ‘ಭಾವ’. ಮುಳ್ಳಿದ್ದದ್ದೆಲ್ಲ ಕ್ಯಾಕ್ಟೇಸಿ (ಕ್ಯಾಕ್ಟಸ್ ಕುಟುಂಬ), ಕ್ಯಾಕ್ಟೇಸಿ ಎಂದರೆ ಬಿಗಿತ.

ನನ್ನನ್ನು ದಾರಿ ತಪ್ಪಿಸಿದ್ದು ‘ಕಳ್ಳಿ’ ಎಂಬ ಒಂದೇ ಮಾತು. ಪಾಪಾಸುಕಳ್ಳಿಯೂ ಕಳ್ಳಿ, ಬೇಲಿಯ ಚದುರಗಳ್ಳಿಯೂ ಕಳ್ಳಿ. ಮೊದಲನೆಯದು ಅಮೆರಿಕ ಖಂಡದಿಂದ ಬಂದ ಒಪನ್ಷಿಯಾ, ನಿಜವಾದ ಕ್ಯಾಕ್ಟಸ್. ಎರಡನೆಯದು ಯುಫೋರ್ಬಿಯಾ, ಹರಳು ಗಿಡದ ನೆಂಟ.

ದಸರಾ ರಜೆಯಲ್ಲಿ ಊರಿಗೆ ಹೋದಾಗ, ಕುಂಡದಲ್ಲಿ ನೆಡೋಣವೆಂದು ಬೇಲಿಯ ‘ಕ್ಯಾಕ್ಟಸ್’ ಒಂದು ತುಂಡು ಕಡಿದೆ. ಹಾಲು ಸುರಿಯಿತು. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಗಮನವೆಲ್ಲ ಮುಳ್ಳಿನ ಮೇಲೆ. ಅಜ್ಜಿ ಜಗುಲಿಯಿಂದಲೇ “ಕೈ ತೊಳ್ಕೊಳೋ, ಕಣ್ಣು ಹೋಗ್ತದೆ” ಅಂದರು. ಪಂಚೆಗೆ ಒರೆಸಿಕೊಂಡೆ. ಅದೇ ಕೈಯಲ್ಲಿ ಮುಖದ ಬೆವರೂ ಒರೆಸಿದೆ. ಮೊದಲು ಬರೀ ಉರಿ, ರಾತ್ರಿ ಹೊತ್ತಿಗೆ ಬಲಗಣ್ಣು ಬಿಡಲಾಗಲಿಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಊದಿತ್ತು. ಆಗಲೇ ಧಾರಾಳ ನೀರಲ್ಲಿ ತೊಳೆದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಕಣ್ಣಿನ ಡಾಕ್ಟರು ಬೈದರು. ಹತ್ತು ದಿನ ಪಟ್ಟಿ, ಕಾಲೇಜಿನ ಒಂದು ಇಂಟರ್ನಲ್ಸ್ ಪರೀಕ್ಷೆ ಹೋಯಿತು. ಅಜ್ಜಿಗೆ ಯಾವ ಕುಟುಂಬವೂ ಗೊತ್ತಿರಲಿಲ್ಲ, ಹಾಲು ಗೊತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಸಕ್ಯುಲೆಂಟ್ ಎಂಬ ಕುಟುಂಬವೇ ಇಲ್ಲ. ನೀರು ಕೂಡಿಡುವುದು ಬರಗಾಲದ ಉಪಾಯ, ಸಂಬಂಧವಿಲ್ಲದ ಎಷ್ಟೋ ವಂಶಗಳು ಬೇರೆ ಬೇರೆಯಾಗಿ ಕಲಿತದ್ದು. ಕ್ಯಾಕ್ಟಸ್ ಹೌದೋ ಅಲ್ಲವೋ ತಿಳಿಯಲು ಮುಳ್ಳಿನ ಬುಡ ನೋಡಿ: ಪುಟ್ಟ ಮೆತ್ತೆಯಂಥ ಏರಿಯೋಲ್ ಇರಬೇಕು. ಹಾಲೊಂದನ್ನೇ ನಂಬಬೇಡಿ, ನಿಜವಾದ ಕ್ಯಾಕ್ಟಸ್‌ಗಳೇ ಆದ ಕೆಲವು ಮ್ಯಾಮಿಲ್ಲೇರಿಯಾಗಳಲ್ಲೂ ಹಾಲಿದೆ.

ಆ ‘ಬಿಗಿತ’ವೂ ಇಡೀ ಕುಟುಂಬದಿಂದ ಬಂದದ್ದಲ್ಲ. 1860ರ ದಶಕದಲ್ಲಿ ನೇಪಲ್ಸ್‌ನ ಡಾ. ರೂಬಿನಿ ಕ್ಯಾಕ್ಟಸ್ ಗ್ರ್ಯಾಂಡಿಫ್ಲೋರಸ್ ಎಂಬ ಒಂದು ಗಿಡವನ್ನು ಪ್ರೂವಿಂಗ್ (ಆರೋಗ್ಯವಂತರು ಸೇವಿಸಿ ಲಕ್ಷಣ ಬರೆದಿಡುವ ಹೋಮಿಯೋಪಥಿ ಪರೀಕ್ಷೆ) ಮಾಡಿದರು. ಕಬ್ಬಿಣದ ಕೈ ಹೃದಯ ಹಿಂಡಿದಂತೆ ಎಂಬುದು ಅದರ ಲಕ್ಷಣ. ಕುಟುಂಬಕ್ಕೊಂದು ಸಂವೇದನೆ ಎಂಬ ಲೆಕ್ಕ ಬಹಳ ಈಚಿನದು, ಹೆಚ್ಚಾಗಿ ಮುಂಬಯಿಯ ಹೋಮಿಯೋಪಥಿ ವೈದ್ಯ ರಾಜನ್ ಶಂಕರನ್ ಅವರಿಂದ ಹಬ್ಬಿದ್ದು. ನನಗಂತೂ ಒಪ್ಪಿಗೆಯಿಲ್ಲ. ಲೋಳೆಸರವನ್ನೇ ತೆಗೆದುಕೊಳ್ಳಿ. ಅದರದೇ ಜಾತಿಯ ಅಲೋ ಹೋಮಿಯೋಪಥಿಯಲ್ಲಿ ಭೇದಿಗೆ ಕೊಡುವ ಔಷಧ. ಹಳೇ ಮೆಟೀರಿಯಾ ಮೆಡಿಕಾಗಳಲ್ಲಿ (ಔಷಧ ಗ್ರಂಥಗಳಲ್ಲಿ) ಅದರ ಕುಟುಂಬ ಲಿಲಿಯೇಸಿ, ಈಗಿನ ಸಸ್ಯಶಾಸ್ತ್ರದಲ್ಲಿ ಆಸ್ಫೊಡೆಲೇಸಿ. ಗಿಡ ಕುಟುಂಬ ಬದಲಿಸಿತೆಂದು ರೋಗಿಯ ಭೇದಿಗೂ ಹೊಸ ಅರ್ಥ ಬಂತೇ?

ಚಾರ್ಟ್ ಮಾಡಲೇಬೇಕೆಂದಿದ್ದರೆ ಗಿಡ ಗುರುತಿಸಲು ಮಾಡಿ, ಬಲಗಡೆಯ ಕಾಲಂ ಬಿಡಿ. ನನ್ನ ಕ್ಲಿನಿಕ್‌ಗೆ ಯಾರಾದರೂ “ಎದೆ ಹಿಂಡಿದಂಗಾಗ್ತಿದೆ ಡಾಕ್ಟ್ರೇ” ಅಂತ ಬಂದರೆ ಕುಟುಂಬ ಹುಡುಕುತ್ತಾ ಕೂರುವುದಿಲ್ಲ. ಆಟೋ ಕರೆದು ಇಸಿಜಿಗೆ ಕಳಿಸುತ್ತೇನೆ.