ಕೆಎ 22 ಪಾಸಿಂಗ್ ಗಾಡಿಗೆ ಯಾವ ಸರ್ಕಾರದ ರೇಟು?

ಮೊನ್ನೆ ಬೆಂಗಳೂರಿನ ಗೆಳೆಯ ಫೋನಿನಲ್ಲಿ ಕೇಳಿದ: "ನಿಮ್ಮ ಬೆಳಗಾವಿಯಲ್ಲಿ ಟ್ಯಾಕ್ಸಿಗೆ ಯಾವ ಸರ್ಕಾರದ ರೇಟು? ಅರ್ಧ ಮಹಾರಾಷ್ಟ್ರ ಅಲ್ವಾ ನೀವು?" ಹನ್ನೊಂದು ವರ್ಷದಿಂದ ಇಲ್ಲಿ ಕೆಎ 22, ಅಂದರೆ ಬೆಳಗಾವಿ ನೋಂದಣಿಯ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಈ ಮಾತು ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಚುರ್ ಅನ್ನುತ್ತದೆ.

ಅರ್ಧ ಅಲ್ಲ ದೋಸ್ತಾ, ಪೂರ್ತಿ ಕರ್ನಾಟಕ. ಸ್ಟ್ಯಾಂಡಿನಲ್ಲಿ ನಾವು ಕನ್ನಡ, ಮರಾಠಿ, ಹಿಂದಿ ಮೂರೂ ಆಡುತ್ತೇವೆ. ಗೋವಾದವರು ಹತ್ತಿದರೆ ಕೊಂಕಣಿಯೂ ಬರುತ್ತದೆ. ಅದು ನಮ್ಮ ಹೆಮ್ಮೆ. ಆದರೆ ರೇಟು ನಿಮ್ಮದೇ. ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಗೊತ್ತು ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆಟೋ ದರ ಮಾತ್ರ ಜಿಲ್ಲೆಗೊಂದು. ಅದನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ ಇಲ್ಲೇ ನೋಡಿಕೊಳ್ಳುತ್ತದೆ. ಸಿಟಿ ಟ್ಯಾಕ್ಸಿ, ಆ್ಯಪ್ ಕ್ಯಾಬ್‌ಗಳಿಗೆ 2024ರ ಫೆಬ್ರವರಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಬಂತು. ನನ್ನಂಥ 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ. 10 ಜಾಸ್ತಿ. ಊರೊಳಗೆ ಇದರಲ್ಲಿ ಜಗಳ ಕಡಿಮೆ.

ಜಗಳ ಶುರುವಾಗುವುದು ವಾಪಸ್ ಬರುವ ದಾರಿಯಲ್ಲಿ. ಬೆಂಗಳೂರಿನಲ್ಲಿ ಒಬ್ಬರನ್ನು ಇಳಿಸಿದ ಕಡೆ ಇನ್ನೊಬ್ಬರು ಹತ್ತುತ್ತಾರೆ. ಆ ಲೆಕ್ಕ ಮನಸ್ಸಿನಲ್ಲಿಟ್ಟು ಮಾಡಿದ ಪಟ್ಟಿ ಅದು. ನನ್ನ ಬಾಡಿಗೆ ಗಡಿಯಾಚೆ, ಮಹಾರಾಷ್ಟ್ರದ ಕೊಲ್ಲಾಪುರಕ್ಕೆ. ಸುಮಾರು 110 ಕಿ.ಮೀ. ಹತ್ತರಗಿಯಲ್ಲೊಂದು ಟೋಲ್, ಕೊಗನೊಳ್ಳಿಯಲ್ಲೊಂದು. ಪಟ್ಟಿ ಪ್ರಕಾರ 2,644 ರೂಪಾಯಿ ಆಯಿತು. ಅಲ್ಲಿ ಕೆಎ 22 ನೋಡಿದರೆ ಸ್ಟ್ಯಾಂಡಿನವರು ಯಾರನ್ನೂ ಹತ್ತಿಸಲು ಬಿಡುವುದಿಲ್ಲ. ಅವರ ಹೊಟ್ಟೆಪಾಡು ಅವರದು, ಒಪ್ಪುತ್ತೇನೆ. ಆದರೆ ನಾನು 110 ಕಿ.ಮೀ. ಖಾಲಿ ಬರಬೇಕು. ಎರಡೂ ಕಡೆ ಸೇರಿಸಿದರೆ ಕಿ.ಮೀ.ಗೆ 12 ರೂಪಾಯಿ ಬಿತ್ತು. ಅದರಲ್ಲೇ ಡೀಸೆಲ್, ಟೈರು, ಇನ್ಶೂರೆನ್ಸು, ಕಂತು. ಹೋದ ತಿಂಗಳು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ ಪಟ್ಟಿ ತೋರಿಸಿದ. "ಸರ್ಕಾರ 24 ಅಂದಿದೆ, ನೀವು ಅಪ್-ಡೌನ್ ಯಾಕೆ ಕೇಳುತ್ತೀರಿ?" ಅಂದ. ಅವನು ಸುಳ್ಳು ಹೇಳಲಿಲ್ಲ, ನಾನೂ ಮೋಸ ಮಾಡಲಿಲ್ಲ. ಕೊನೆಗೆ ಹಿಂದೆ ಕೂತಿದ್ದ ಆ ತಾಯಿಯ ಮುಖ ನೋಡಿ ಅವನು ಹೇಳಿದ್ದಕ್ಕೇ ಹೋದೆ.

ಇನ್ನೊಂದು ಸಂಕಟ ಹೇಳಲೇಬೇಕು. ಪಟ್ಟಿ ಬಂದು ನಾಲ್ಕು ತಿಂಗಳಿಗೆ, 2024ರ ಜೂನ್‌ನಲ್ಲಿ, ರಾಜ್ಯದ ಡೀಸೆಲ್ ತೆರಿಗೆ ಶೇ. 14.3ರಿಂದ 18.4ಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ 21.17 ಆಯಿತು. ಬಂಕಿನಲ್ಲಿ ರೇಟು ರಾತ್ರೋರಾತ್ರಿ ಬದಲಾಗುತ್ತದೆ. ಬಾಡಿಗೆ ರೇಟು ಬದಲಾಗಬೇಕಾದರೆ ಮನವಿ, ಸಭೆ, ಆದೇಶ ಎಲ್ಲ ಆಗಬೇಕು. ಪಕ್ಕದ ಮಹಾರಾಷ್ಟ್ರದಲ್ಲಿ ಆಟೋ, ಟ್ಯಾಕ್ಸಿ ದರ ಲೆಕ್ಕ ಹಾಕಲು ಖಟುವಾ ಸಮಿತಿಯ ಸೂತ್ರ ಅಂತ ಒಂದಿದೆ. ಗಾಡಿ ಬೆಲೆ, ಇಂಧನ, ರಿಪೇರಿ, ವಿಮೆ ಎಲ್ಲ ಅದರ ಲೆಕ್ಕಕ್ಕೆ ಬರುತ್ತವೆ. 2025ರ ಫೆಬ್ರವರಿಯಲ್ಲಿ ಮುಂಬೈ ಟ್ಯಾಕ್ಸಿಯ ಕನಿಷ್ಠ ದರ 28ರಿಂದ 31 ರೂಪಾಯಿ ಆಯಿತು. ಅಲ್ಲೂ ಬೇಗ ಆಗುವುದಿಲ್ಲ, ಆದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ. ನಮಗೂ ಅಂಥದ್ದೊಂದು ಬೇಕು. ಅದರಲ್ಲಿ ಗಡಿ ದಾಟಿ ಖಾಲಿ ಬರುವ ಗಾಡಿಗೂ ಒಂದು ಸಾಲು ಬೇಕು. ಮಹಾರಾಷ್ಟ್ರದ ಮಾತು ತೆಗೆದೆ ಅಂತ ನನ್ನನ್ನು ಆ ಕಡೆಯವನು ಅನ್ನಬೇಡ. ಚಳಿಗಾಲದ ಅಧಿವೇಶನಕ್ಕೆ ನಿಮ್ಮೂರಿನವರು ಬಂದಾಗ ಸುವರ್ಣ ವಿಧಾನಸೌಧಕ್ಕೆ ಬಿಡುವವರು ನಾವೇ ಅಲ್ವಾ? ದಾರಿಯುದ್ದಕ್ಕೂ ಇದನ್ನೇ ಹೇಳುತ್ತೇನೆ.

ನೀನು ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದು ಊರೊಳಗೆ ಬಂದರೆ, 10 ಕಿ.ಮೀ.ಗೆ 244 ರೂಪಾಯಿ. ಕೊಲ್ಲಾಪುರಕ್ಕೆ ಹೋಗುವುದಿದ್ದರೆ ಮಾತ್ರ ಗಾಡಿ ಹತ್ತುವ ಮುಂಚೆಯೇ ಅಪ್-ಡೌನ್ ಮಾತಾಡಿಕೊಳ್ಳೋಣ.