ಬ್ರಿಜೆಟ್ ಸಿಗದಿದ್ದರೆ ಡೀಲಿಯಾಳನ್ನು ಹುಡುಕಿ

ನಿಮ್ಮ ಪತಿಯ ಮುತ್ತಜ್ಜಿ ಬ್ರಿಜೆಟ್ 1885ರಲ್ಲಿ ಐರ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದರೂ ಅಲ್ಲಿನ ಎಲ್ಲಿಸ್ ದ್ವೀಪದ ವಲಸಿಗರ ಕೇಂದ್ರದ ದಾಖಲೆಗಳಲ್ಲಿ ಏಕಿಲ್ಲ ಎಂದು ಕೇಳಿದ್ದೀರಿ. ಇರಲು ಸಾಧ್ಯವೇ ಇಲ್ಲ. ಆ ಕೇಂದ್ರ ತೆರೆದದ್ದೇ 1892ರ ಜನವರಿ 1ರಂದು. 1855ರಿಂದ 1890ರವರೆಗೆ ವಲಸಿಗರು ಇಳಿಯುತ್ತಿದ್ದದ್ದು ನ್ಯೂಯಾರ್ಕಿನದೇ ಹಳೆಯ ಕೇಂದ್ರವಾದ ಕ್ಯಾಸಲ್ ಗಾರ್ಡನ್‌ನಲ್ಲಿ.

ಆದರೂ ಹಡಗಿನ ಪಟ್ಟಿಯಿಂದ ಶುರು ಮಾಡಬೇಡಿ. ಹೆಸರು, ವಯಸ್ಸು, ಕಸುಬು, ದೇಶ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಸಿಗದು. ಇಪ್ಪತ್ತರ ಆಸುಪಾಸಿನ ಬ್ರಿಜೆಟ್‌ಗಳಿಗಂತೂ ಆಗ ಬರವಿರಲಿಲ್ಲ. ಮೊದಲು ಅಮೆರಿಕದ 1900ರ ಜನಗಣತಿ ನೋಡಿ. ಹುಟ್ಟಿದ ತಿಂಗಳು, ವಲಸೆ ಬಂದ ವರ್ಷ ಅಲ್ಲಿವೆ. ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಎರಡು ಪುಟ್ಟ ಅಂಕಣಗಳೂ ಇವೆ. ಏಳು, ನಾಲ್ಕು ಎಂದು ಓದಿದಾಗ ಮನಸ್ಸು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. 1890ರ ಗಣತಿಯ ಗೊಡವೆಗೆ ಹೋಗಬೇಡಿ, ಅದರ ಬಹುಪಾಲು ಬೆಂಕಿ ಅವಘಡದಲ್ಲಿ ಹಾಳಾಗಿದೆ.

ಬಳಿಕ ಆಕೆಯ ಮದುವೆ, ಮರಣದ ದಾಖಲೆ ತರಿಸಿಕೊಳ್ಳಿ. ನಿಮಗೆ ಬೇಕಾದದ್ದು ಆಕೆಯ ತಾಯಿಯ ತವರಿನ ಅಡ್ಡಹೆಸರು. ಅದಿಲ್ಲದೆ ಐರ್ಲೆಂಡಿಗೆ ದಾಟಿದರೆ ಕತ್ತಲಲ್ಲಿ ತಡಕಾಡಿದಂತೆ. ಅದು ಸಿಕ್ಕರೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರುಗಳನ್ನು, ಅಂದರೆ ಸ್ಥಳೀಯ ಚರ್ಚುಗಳ ದೀಕ್ಷಾಸ್ನಾನ, ಮದುವೆಗಳ ದಾಖಲೆ ಪುಸ್ತಕಗಳನ್ನು, ಉಚಿತವಾಗಿ ತೆರೆಯಬಹುದು. ಎಷ್ಟೋ ಕಡೆ ಬರಹ ಲ್ಯಾಟಿನ್‌ನಲ್ಲಿದೆ, ಆಕೆ ಅಲ್ಲಿ ಬ್ರಿಜಿಡಾ ಆಗಿರಬಹುದು. ಅಮೆರಿಕದಲ್ಲಿ ಬ್ರಿಜೆಟ್ ಎಂದರೆ ಮನೆಗೆಲಸದವಳು ಎಂಬ ಗೇಲಿಯಿತ್ತು. ಹಾಗಾಗಿ ಹಲವರು ಡೀಲಿಯಾ, ಬರ್ತಾ ಎಂದು ಬದಲಿಸಿಕೊಂಡರು. ಆ ಹೆಸರುಗಳನ್ನೂ ಹಾಕಿ ಹುಡುಕಿ.