ನಾಟಿಗೆ ಮುಯ್ಯಾಳು ಮತ್ತೆ ಶುರು ಮಾಡಬೇಕು, ಗಂಟೆ ಲೆಕ್ಕ ಇಡೋಕೆ ಯಾವ ಆ್ಯಪ್ ಒಳ್ಳೇದು?

ಎಂಟು ಮನೆ ಸೇರಿ ಭತ್ತದ ನಾಟಿಗೆ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ಸರದಿಯಲ್ಲಿ ದುಡಿದುಕೊಡೋದು, ಮತ್ತೆ ಶುರು ಮಾಡಬೇಕು ಅಂತ ಬರೆದಿದ್ದೀರಿ; ನಾಟಿ ಯಂತ್ರ, ನೀರಿನ ಜಗಳದ ಬಗ್ಗೆಯೂ ಕೇಳಿದ್ದೀರಿ. ನಾವೂ ನಿಮ್ಮ ಹಾಗೆ ಎಂಟೇ ಮನೆ, ಮಲೆನಾಡಿನ ಸಣ್ಣ ಹಿಡುವಳಿ. ಶುರು ಮಾಡಿದ್ದೂ ಇದೇ ಪ್ರಶ್ನೆಯಿಂದ: ಯಾರು ಯಾರ ಗದ್ದೆಯಲ್ಲಿ ಎಷ್ಟು ಗಂಟೆ ದುಡಿದರು ಅಂತ ಬರೆದಿಡೋದು ಹೇಗೆ? ಆ್ಯಪ್ ಬಿಟ್ಟುಬಿಡಿ. ಮುಯ್ಯಾಳು ಮುರಿದುಬೀಳೋದು ಗಂಟೆ ಲೆಕ್ಕದಿಂದಲ್ಲ, ಅಗೆ (ನಾಟಿಗೆ ಬೆಳೆಸೋ ಸಸಿ) ಹಾಕೋ, ಅಂದರೆ ಅದರ ಬೀಜ ಚೆಲ್ಲೋ ತಾರೀಕಿನಿಂದ.

ಮನೆಗೆ ಇಬ್ಬರಂತೆ 16 ಜನ. ನಾಲ್ವರು ಅಗೆ ಕಿತ್ತು, ಕಟ್ಟು ಕಟ್ಟಿ, ಹೊತ್ತು ಹಾಕೋಕೆ. ಉಳಿದ 12 ಜನ ನೆಡೋಕೆ. ದಿನಕ್ಕೆ ಒಂದು ಎಕರೆ ಆರಾಮಾಗಿ ಮುಗಿಯುತ್ತೆ. ಎಲ್ಲರದೂ ಸೇರಿ 12 ಎಕರೆ, ಅಂದರೆ 12 ದಿನ. ಟಿಲ್ಲರ್ ಕೈಕೊಡೋದು, ಸಂತೆ ದಿನ, ಯಾರದೋ ಮನೆಯ ಸೂತಕ ಎಲ್ಲ ಸೇರಿದರೆ 16 ದಿನ. ಇಷ್ಟೂ ಲೆಕ್ಕ ಸರಿಯಾಗಿಯೇ ಹಾಕಿದ್ದೆವು. ಆದರೆ ಎಂಟೂ ಮನೆಯವರು ಒಂದೇ ದಿನ ಬೀಜ ಚೆಲ್ಲಿದೆವು.

ಮೊದಲ ಮನೆಗೆ ನಾಟಿಗೆ ಹೋದಾಗ ಅಗೆಗೆ 24 ದಿನ. ಕೊನೇ ಮನೆಗೆ ಹೋಗೋ ಹೊತ್ತಿಗೆ 40! ಹಾಕಿದ್ದು ನಾಲ್ಕು ತಿಂಗಳಿಗೆ ಬರೋ ತಳಿ. ಅದರ ಅಗೆ 30 ದಿನ ದಾಟಬಾರದು. ಕೊನೇ ಮನೆಯ ಸಸಿ ಕಿತ್ತು ಬುಡದಿಂದ ಮೇಲಕ್ಕೆ ಬೆರಳಾಡಿಸಿದರೆ ಗೆಣ್ಣು ತಡೆಯುತ್ತಿತ್ತು. ಗೆಣ್ಣು ಬಂದ ಸಸಿ ನೆಟ್ಟ ಮೇಲೆ ತೆಂಡೆ (ಬುಡದಲ್ಲಿ ಹೊಸ ಕವಲು) ಒಡೆಯೋದು ಬಹಳ ಕಮ್ಮಿ. ಒಂದೆರಡು ಕಡ್ಡಿಯಲ್ಲೇ ಗಿಡ್ಡ ತೆನೆ ಹೊರಗೆ ಬರುತ್ತೆ. ಎಲ್ಲರ ಗದ್ದೆಯಲ್ಲೂ ಸೊಂಟ ಬಗ್ಗಿಸಿ ದುಡಿದ ಮನೆಗೇ ಪೈರು ಕೈಕೊಟ್ಟಿತು. ಆಳಿನ ಲೆಕ್ಕದಲ್ಲಿ ಒಂದು ಗಂಟೆಯೂ ಆಚೀಚೆ ಇರಲಿಲ್ಲ. ಮರುವರ್ಷ ಅವರು ಬರಲಿಲ್ಲ. ಬರೋಕೆ ಕಾರಣವಾದರೂ ಏನಿತ್ತು?

ಹಿಂದಿನವರು ಒಂದೇ ವಾರ ಅಗೆ ಹಾಕಿಯೂ ಹೇಗೆ ಬಚಾವಾದರು ಅಂತ ಕೇಳಬಹುದು. ಅವರದು ಐದು ತಿಂಗಳು, ಐದೂವರೆ ತಿಂಗಳ ಭತ್ತ. ಆ ಅಗೆ 35-40 ದಿನವನ್ನೂ ತಾಳಿಕೊಳ್ಳುತ್ತಿತ್ತು. ತಳಿಯ ಅವಧಿ ಎಷ್ಟು ತಿಂಗಳೋ ಅಗೆಯ ವಯಸ್ಸು ಸುಮಾರು ಅಷ್ಟೇ ವಾರ ಅಂತ ಇಟ್ಟುಕೊಳ್ಳಿ. ನಾವು ತಳಿ ಬದಲಾಯಿಸಿದೆವು, ಪದ್ಧತಿ ಮಾತ್ರ ಹಾಗೇ ಉಳಿಸಿಕೊಂಡೆವು.

ಹಾಗಾಗಿ ಬೀಜ ನೆನೆಹಾಕೋ ಮೊದಲೇ ಕೂತು ಸರದಿ ಗೊತ್ತು ಮಾಡಿಕೊಳ್ಳಿ. ಮೊದಲ ಮೂರು ಮನೆ ಇವತ್ತು ಅಗೆ ಹಾಕಿದರೆ, ಮುಂದಿನ ಮೂರು ಮನೆ ಆರು ದಿನ ಬಿಟ್ಟು, ಕೊನೇ ಎರಡು ಮನೆ ಹನ್ನೆರಡು ದಿನ ಬಿಟ್ಟು. ಆಗ ಯಾರ ಅಗೆಯೂ 30 ದಿನ ದಾಟಲ್ಲ. ಎಕರೆಗೆ 25 ಕೆಜಿ ಬೀಜ, 4 ಗುಂಟೆ ಸಸಿಮಡಿ. ಬೀಜ ಒಂದು ದಿನ ನೀರಲ್ಲಿ ನೆನೆದು, ಗೋಣಿಚೀಲದಲ್ಲಿ ಒಂದೆರಡು ದಿನ ಕೂತು ಮೊಳಕೆ ಒಡೆಯಬೇಕು. ಬೀಜ ಚೆಲ್ಲೋ ದಿನದಿಂದ ಹಿಂದಕ್ಕೆ ಎಣಿಸಿ. ಮಕ್ಕಿ ಗದ್ದೆಯವರು (ಎತ್ತರದಲ್ಲಿ, ಮಳೆ ನೀರನ್ನೇ ನಂಬಿದ ಗದ್ದೆ) ಸರದಿಯಲ್ಲಿ ಮುಂದೆ ಇರಲಿ, ಎರಡು ದಿನ ಮಳೆ ಬಿಡುವು ಕೊಟ್ಟರೂ ಅಲ್ಲಿ ನೀರು ನಿಲ್ಲಲ್ಲ. ಉಳಿದವರ ಸರದಿ ವರ್ಷ ವರ್ಷ ತಿರುಗಲಿ. ಇಷ್ಟಾದರೂ ಯಾರದ್ದಾದರೂ ಅಗೆ ಬಲಿತುಹೋದರೆ ಗುಣಿಗೆ ಎರಡು-ಮೂರು ಸಸಿ ಬದಲು ನಾಲ್ಕೈದು ಇಟ್ಟು, ಸ್ವಲ್ಪ ಒತ್ತಾಗಿ ನೆಡಿ. ಪೂರ್ತಿ ಸರಿಹೋಗಲ್ಲ, ನಷ್ಟ ಕಮ್ಮಿಯಾಗುತ್ತೆ.

ಕೆಸರು ಹೊಡೆಯೋದು ನಾಟಿಯ ಹಿಂದಿನ ದಿನ. ಆಗತಾನೇ ಹೊಡೆದ ಕೆಸರಲ್ಲಿ ಸಸಿ ಹುಗಿದುಹೋಗುತ್ತೆ, ಮೂರು ದಿನ ಬಿಟ್ಟರೆ ಬೆರಳು ಇಳಿಯಲ್ಲ. ಟಿಲ್ಲರನ್ನು ಮುಯ್ಯಿಗೆ ಸೇರಿಸಬೇಡಿ. ಡೀಸೆಲ್ಲು, ಬಾಡಿಗೆ ಗದ್ದೆಯವರದ್ದು, ನಗದು.

ಇನ್ನು ನಿಮ್ಮ ಗಂಟೆ ಲೆಕ್ಕ. ಆಳಿಗೆ ಆಳು, ಅಷ್ಟೇ. ಹೆಣ್ಣಾಳು ಗಂಡಾಳು ಅಂತ ಭೇದ ಬೇಡ, ನೆಡೋದರಲ್ಲಿ ಗಂಡಸರು ಮುಂದೇನೂ ಇಲ್ಲ. ನಾಟಿಯ ಮುಯ್ಯಿ ನಾಟಿಯಲ್ಲೇ ತೀರಲಿ. ಸೂತಕ, ಕಾಯಿಲೆ ಬಂದವರದ್ದು ಮಾತ್ರ ಕೊಯ್ಲಿಗೆ ಹೋಗಲಿ, ಮುಂದಿನ ವರ್ಷಕ್ಕೆ ಬೇಡ. ಗೋಡೆ ಕ್ಯಾಲೆಂಡರಿನಲ್ಲಿ ಒಂದೊಂದು ಗೀಟು ಸಾಕು. ಅದು ಎಲ್ಲರೂ ಊಟಕ್ಕೆ ಕೂರೋ ಜಗಲಿಯಲ್ಲಿ ತೂಗಿರಲಿ. ಗಂಟೆಗೆ ರೂಪಾಯಿ ಕಟ್ಟಿದ ದಿನ ಅದು ಕೂಲಿ. ಕೂಲಿ ಅಂತಾದ ಮೇಲೆ ಜಾಸ್ತಿ ಕೊಡೋ ಕಡೆ ಜನ ಹೋಗೋದು ತಪ್ಪೂ ಅಲ್ಲ. ಸ್ವಂತ ಗದ್ದೆ ಇಲ್ಲದವರನ್ನು ಮುಯ್ಯಿಗೆ ಕರೆಯಲೇಬೇಡಿ. ನೀವು ತಿರುಗಿ ದುಡಿದುಕೊಡೋಕೆ ಅವರ ಗದ್ದೆ ಎಲ್ಲಿದೆ? ಅವರಿಗೆ ಅವತ್ತೇ ಸಂಜೆ ಕೂಲಿ ಕೈಗೆ ಬರಬೇಕು. ಈ ಒಂದು ವಿಷಯದಲ್ಲಿ ಹಳೇ ಕಾಲವನ್ನು ಹೊಗಳೋರ ಮಾತು ನಾನು ಕೇಳಲ್ಲ.

ಊಟಕ್ಕೂ ಒಂದು ಕಟ್ಟಳೆ ಬೇಕು, ನಗಬೇಡಿ. ಒಂದು ಮನೆಯಲ್ಲಿ ಕಡುಬು, ಕೋಳಿ ಸಾರು ಆಯಿತೋ, ಮರುದಿನದ ಮನೆಯವರು ಸಾಲ ಮಾಡಿಯಾದರೂ ಮೀನು ತರುತ್ತಾರೆ. ಅನ್ನ, ಸಾರು, ಒಂದು ಪಲ್ಯ. ಕೋಳಿ ಕೊನೇ ದಿನ, ಎಂಟೂ ಮನೆಯ ಖರ್ಚಲ್ಲಿ.

ಯಂತ್ರದ ವಿಷಯ ಕೇಳಿದ್ದೀರಿ. ನಾಟಿ ಯಂತ್ರಕ್ಕೆ ಚಾಪೆ ಸಸಿಮಡಿ (ಚಾಪೆ ಹಾಗೆ ಎತ್ತೋಕೆ ಬರೋದು) ಬೇಕು, 15-18 ದಿನದ ಎಳೆ ಸಸಿ ಬೇಕು, ತಿರುಗೋಕೆ ಅಗಲ ಗದ್ದೆ ಬೇಕು. ನಿಮ್ಮದು ಮೆಟ್ಟಿಲು ಗದ್ದೆಯಾದರೆ ಮೂಲೆಯಲ್ಲೆಲ್ಲ ಮತ್ತೆ ಕೈಯಲ್ಲೇ ನೆಡಬೇಕಾಗುತ್ತೆ.

ಮೇಲಿನ ಗದ್ದೆಯವರಿಗೂ ಕೆಳಗಿನವರಿಗೂ ನೀರಿನ ಜಗಳ ಇದೆ, ಒಟ್ಟಿಗೆ ಸೇರ್ತಾರಾ ಅನ್ನೋದು ನಿಮ್ಮ ಕೊನೇ ಪ್ರಶ್ನೆ. ಅವರಿಬ್ಬರನ್ನು ಸರದಿಯಲ್ಲಿ ಅಕ್ಕಪಕ್ಕದ ದಿನಕ್ಕೆ ಹಾಕಿ. ನಮ್ಮಲ್ಲಿ ಮೇಲಿನವರು ನೀರು ಕಟ್ಟಿಹಾಕುತ್ತಾರೆ ಅಂತ ಕೆಳಗಿನವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಮೇಲಿನ ಗದ್ದೆಯಲ್ಲಿ ಕೆಳಗಿನವರೇ ನೆಡುತ್ತಾ ಬದುವಿನ ಹತ್ತಿರ ಬಂದಾಗ ಕಾಲಿಗೆ ಸಿಕ್ಕಿದ್ದು ಏಡಿ ಕೊರೆದ ತೂತು. ನೀರು ಅದರಲ್ಲಿ ಇಳಿದು ಪಕ್ಕದ ಹಳ್ಳ ಸೇರುತ್ತಿತ್ತು. ಮೂರು ಹೆಡಗೆ ಮಣ್ಣು ಹಿಡಿಯಿತು ಮುಚ್ಚೋಕೆ.